ಮಾಜಿ ಅಧ್ಯಕ್ಷರ ಮನೆಯವರು

ಸ್ವೀಡನ್ನಿನ ವೆಸ್ಟೆರಾಸ್‌ನ ಕನ್ನಡಿಗರಲ್ಲಿ ಭಾನುಮತಿಯನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಮಕ್ಕಳಿಗೆ ಅವಳು ಕನ್ನಡ ಆಂಟಿ, ದೊಡ್ಡವರಿಗೆ ಫಸ್ಟ್ ಲೇಡಿ. ಗಂಡ ಪ್ರಭಾಕರ ಊರಿನ ಕನ್ನಡ ಕೂಟಕ್ಕೆ ಅಧ್ಯಕ್ಷನಾದ ದಿನ ಯಾರೋ ತಮಾಷೆಗೆ ಮೈಕಿನಲ್ಲಿ ಹಾಗೆಂದಿದ್ದರು, ಅದೇ ಅಂಟಿಕೊಂಡಿತು. ಕೇಳಿದಾಗಲೆಲ್ಲ ಭಾನುಮತಿ "ಸಾಕು ಸುಮ್ನಿರಿ" ಎಂದು ಗದರುತ್ತಿದ್ದಳು. ಆದರೆ ಯಾವುದಾದರೂ ಹಬ್ಬದಲ್ಲಿ ಒಬ್ಬರೂ ಹಾಗೆ ಕರೆಯದೇ ಹೋದರೆ ಮನೆಗೆ ಬಂದ ಮೇಲೆ ಪಾತ್ರೆಗಳ ಸದ್ದು ಸ್ವಲ್ಪ ಜೋರಾಗಿಯೇ ಕೇಳುತ್ತಿತ್ತು.

ಹುಟ್ಟಿದ್ದು ತುಮಕೂರು. ಬೆಂಗಳೂರಿನ ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿ ಹೆಸರು ಮಾಡಿದ್ದವಳು. ಪ್ರಭಾಕರನಿಗೆ ಟ್ರಾನ್ಸ್‌ಫಾರ್ಮರ್ ವಿನ್ಯಾಸದ ಕೆಲಸ ಸಿಕ್ಕಿ ಸ್ವೀಡನ್ನಿಗೆ ಹೊರಟಾಗ ನೆಂಟರೆಲ್ಲ ಅವಳು ತವರು ಬಿಟ್ಟು ಹೋಗುವುದಕ್ಕೆ ಅಳುತ್ತಿದ್ದಾಳೆ ಎಂದುಕೊಂಡರು. ಅವಳು ಅತ್ತದ್ದು ಕೆಲಸ ಬಿಟ್ಟದ್ದಕ್ಕೆ. ಬಂದ ಮೊದಲ ಚಳಿಗಾಲವೆಲ್ಲ ಕಿಟಕಿಯ ಹತ್ತಿರ ಕೂತು, ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ಊರನ್ನು ಬೈಯುತ್ತ ಕಳೆದಳು. ಮಗ ಸುಹಾಸ್ ಓದಲು ದೂರದ ಟ್ರೋಲ್‌ಹೆಟ್ಟನ್‌ಗೆ ಹೋದ ಮೇಲಂತೂ ಬೈಯುವುದಕ್ಕೆ ಇನ್ನಷ್ಟು ಬಿಡುವಾಯಿತು.

ಅವಳನ್ನು ಕಿಟಕಿಯಿಂದ ಎಬ್ಬಿಸಿದ್ದು ಪಕ್ಕದ ಕಟ್ಟಡದ ಪುಟ್ಟ ಹುಡುಗಿ ಭೂಮಿ. ಒಂದು ದಿನ ಅವರ ಮನೆಗೆ ಹೋದಾಗ ಹುಡುಗಿ ಹಾಸನದ ಅಜ್ಜಿಯ ಜೊತೆ ಫೋನಿನಲ್ಲಿ ಮಾತನಾಡುತ್ತಿತ್ತು. ಹುಡುಗಿಯದೆಲ್ಲ ಸ್ವೀಡಿಷ್. ಆ ಕಡೆಯ ಅಜ್ಜಿಗೆ ಒಂದಕ್ಷರ ಅರ್ಥವಾಗದೆ "ಊಟ ಆಯ್ತಾ ಕಂದ? ಊಟ ಆಯ್ತಾ?" ಎಂದು ಅದನ್ನೇ ಕೇಳುತ್ತಿದ್ದಳು. ಭಾನುಮತಿಗೆ ಅದನ್ನು ಕೇಳಿಕೊಂಡಿರಲಾಗಲಿಲ್ಲ. ಮುಂದಿನ ಶನಿವಾರವೇ ಬಡಾವಣೆಯ ಸಮುದಾಯ ಕೋಣೆಯಲ್ಲಿ ಭೂಮಿಯನ್ನೂ ಇನ್ನಿಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಅ ಆ ಇ ಈ ಶುರುಮಾಡಿದಳು. ವರ್ಷ ಕಳೆಯುವುದರೊಳಗೆ ಕೋಣೆಯ ಕುರ್ಚಿ ಸಾಲದಾಯಿತು. ಊರಿನಲ್ಲಿ ಕನ್ನಡ ಕೂಟ ಬೆಳೆದದ್ದೂ ನಿಜವಾಗಿ ಅಲ್ಲಿಂದಲೇ. ಮಕ್ಕಳನ್ನು ಬಿಡಲು ಬಂದ ಅಪ್ಪ ಅಮ್ಮಂದಿರು ಹೊರಗೆ ಚಳಿಯಲ್ಲಿ ನಿಲ್ಲಲಾರದೆ ಒಳಗೆ ಕೂತು ಹರಟಿದರು, ಹರಟೆಯಿಂದ ಯುಗಾದಿ, ರಾಜ್ಯೋತ್ಸವಗಳು ಹುಟ್ಟಿದವು, ಅವುಗಳನ್ನು ನಡೆಸಲು ಅಧ್ಯಕ್ಷರೊಬ್ಬರು ಬೇಕಾದರು. ಭಾಷಣ ಚೆನ್ನಾಗಿ ಮಾಡುತ್ತಿದ್ದ ಪ್ರಭಾಕರ ಆ ಜಾಗಕ್ಕೆ ಬಂದು ಕೂತ. ಅವನು ಭಾಷಣ ಮಾಡುವವನು, ಇವಳು ಭಾಷಣಕ್ಕೆ ಜನ ಸೇರಿಸುವವಳು. ಕೂಟದ ಸಮಿತಿ ಇವರ ಮನೆಯಲ್ಲೇ ಸೇರುತ್ತಿತ್ತು. ಕಾಫಿ ಕೊಡಲು ಬಂದ ಭಾನುಮತಿ ತಟ್ಟೆ ಹಿಡಿದುಕೊಂಡೇ ಫ್ರಿಜ್ಜಿಗೆ ಒರಗಿ ನಿಂತುಬಿಡುತ್ತಿದ್ದಳು. ಸಭೆ ಮುಗಿಯುವ ಹೊತ್ತಿಗೆ ಊಟಕ್ಕೆ ಏನು, ನಾಟಕಕ್ಕೆ ಯಾರು, ಎಲ್ಲ ಅವಳು ಹೇಳಿದಂತೆಯೇ ಆಗಿರುತ್ತಿತ್ತು.

ಹೀಗೆ ಎಲ್ಲ ಸುಗಮವಾಗಿ ನಡೆದಿರುವಾಗ, ಎರಡು ಸಾವಿರದ ಎರಡನೆಯ ಇಸವಿಯಲ್ಲಿ, ಪ್ರಭಾಕರ ಒಂದೇ ಒಂದು ‘ಬೇಡ’ದಿಂದ ಅಧ್ಯಕ್ಷ ಪದವಿ ಕಳೆದುಕೊಂಡ.

ನಮ್ಮ ಕಡೆ ಇದಕ್ಕೊಂದು ಪದ್ಧತಿಯಿದೆ. ಯಾರಾದರೂ ಏನನ್ನಾದರೂ ಕೊಡಲು ಬಂದರೆ ಮೊದಲ ಮಾತಿಗೇ ಹೂಂ ಎನ್ನುವುದು ಆಸೆಬುರುಕತನ. ಮೊದಲು ಬೇಡ ಎನ್ನಬೇಕು. ಅವರು ಒತ್ತಾಯ ಮಾಡಬೇಕು. ಮತ್ತೆ ಬೇಡ ಎನ್ನಬೇಕು. ಅವರು ಇನ್ನೂ ಒತ್ತಾಯ ಮಾಡಿದ ಮೇಲೆ "ಅಯ್ಯೋ, ನೀವು ಇಷ್ಟು ಹೇಳ್ತಿದೀರಲ್ಲ ಅಂತ" ಎಂದು ಮನಸ್ಸಿಲ್ಲದವರಂತೆ ಒಪ್ಪಿಕೊಳ್ಳಬೇಕು. ಹೋಳಿಗೆಯಿಂದ ಹಿಡಿದು ಅಧ್ಯಕ್ಷ ಪದವಿಯವರೆಗೆ ಇದೇ ಕ್ರಮ. ಸ್ವೀಡನ್ನಿನ ಕ್ರಮ ಬೇರೆ. ಇಲ್ಲಿನ ಸಂಘಗಳಲ್ಲಿ ಒಂದು ಆಯ್ಕೆ ಸಮಿತಿ ಇರುತ್ತದೆ. ವಾರ್ಷಿಕ ಸಭೆಗೆ ಮುಂಚೆಯೇ ಅದು ಒಬ್ಬೊಬ್ಬರನ್ನೂ ಕೇಳಿ ಹೆಸರುಗಳನ್ನು ಸಿದ್ಧಮಾಡಿಟ್ಟುಕೊಳ್ಳುತ್ತದೆ. ಸಭೆಯಲ್ಲಿ ಓದುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ, ಮುಗಿಯಿತು. ಆ ವರ್ಷ ಆ ಕೆಲಸ ನಿವೇದಿತಾಳ ಪಾಲಿಗೆ ಬಂದಿತ್ತು. ಮೂರು ವರ್ಷದವಳಿದ್ದಾಗಲೇ ಬಂದು ಇಲ್ಲೇ ಬೆಳೆದು ಕೆಲಸಕ್ಕೆ ಸೇರಿದ್ದ ಹುಡುಗಿ. ಕನ್ನಡ ಚೆನ್ನಾಗಿಯೇ ಮಾತನಾಡುತ್ತಿದ್ದಳು, ಆದರೆ ನಮ್ಮ ಉಪಚಾರಗಳ ಗಂಧ ಅವಳಿಗೆ ಇರಲಿಲ್ಲ.

"ಅಂಕಲ್, ನೆಕ್ಸ್ಟ್ ಇಯರ್ ಕೂಡ ನೀವೇ ಪ್ರೆಸಿಡೆಂಟ್ ಆಗ್ತೀರಾ?" ಎಂದು ಫೋನ್ ಮಾಡಿ ಕೇಳಿದಳು.

"ಅಯ್ಯೋ ಬೇಡಮ್ಮ, ಸಾಕಾಗಿದೆ. ಬೇರೆ ಯಾರಾದ್ರೂ ಹೊಸಬರು ಬರ್ಲಿ" ಎಂದ ಪ್ರಭಾಕರ, ಸೋಫಾದಲ್ಲಿ ಹಾಯಾಗಿ ಹಿಂದಕ್ಕೆ ಒರಗುತ್ತ.

"ಓಕೆ ಅಂಕಲ್. ಕ್ಲಿಯರ್ ಆಗಿ ಹೇಳಿದ್ದಕ್ಕೆ ಥ್ಯಾಂಕ್ಸ್" ಎಂದು ಆ ಕಡೆ ಫೋನ್ ಇಟ್ಟಾಯಿತು.

ಪ್ರಭಾಕರ ಕೈಯಲ್ಲಿದ್ದ ಫೋನನ್ನು ಸ್ವಲ್ಪ ಹೊತ್ತು ನೋಡಿದ. "ಮತ್ತೆ ಮಾಡ್ತಾಳೆ" ಎಂದ. ಭಾನುಮತಿಯೂ "ಮಾಡ್ದೇ ಇರ್ತಾಳಾ" ಎಂದಳು. ಆ ವಾರವೆಲ್ಲ ಫೋನ್ ಹೊಡೆದುಕೊಂಡಾಗಲೆಲ್ಲ ಅವನೇ ಓಡಿದ. ನಿವೇದಿತಾ ಮಾಡಲಿಲ್ಲ. ರಾಜ್ಯೋತ್ಸವದ ದಿನ ವಾರ್ಷಿಕ ಸಭೆಯಲ್ಲಿ ಅವಳು ಎದ್ದು ನಿಂತು, ಪ್ರಭಾಕರ ಅಂಕಲ್ ವಿಶ್ರಾಂತಿ ಬಯಸಿದ್ದಾರೆ, ಹೊಸ ಅಧ್ಯಕ್ಷರಾಗಿ ಉಮಾಕಾಂತ ಅವರ ಹೆಸರು ಸೂಚಿಸುತ್ತೇವೆ ಎಂದಳು. ಉಮಾಕಾಂತ ಒಳ್ಳೆಯ ಮನುಷ್ಯ, ಸ್ವೀಡನ್ನಿನದೇ ಊರಾದ ಹೆಲ್ಸಿಂಗ್‌ಬೋರ್ಯ್‌ನಲ್ಲಿ ಬಹಳ ವರ್ಷ ಇದ್ದು ಬಂದವನು. ಕೇಳಿದ ಕೂಡಲೇ ಹೂಂ ಎಂದಿದ್ದ. ಪ್ರಭಾಕರನಿಗೆ ನಿಜವಾಗಿಯೂ ಸುಸ್ತಾಗಿದೆ ಎಂದೇ ಅವನೂ ನಂಬಿದ್ದ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಈ ದೇಶದ ವಾಡಿಕೆಯಂತೆ ಹೋಗುವ ಅಧ್ಯಕ್ಷನ ಕೈಗೆ ಒಂದು ದೊಡ್ಡ ಹೂಗುಚ್ಛ ಕೊಟ್ಟರು. ಪ್ರಭಾಕರ ನಗುನಗುತ್ತಲೇ ಅದನ್ನು ಹಿಡಿದುಕೊಂಡು ಬಂದು ಕಾರಿನ ಹಿಂದಿನ ಸೀಟಿಗೆ ಎಸೆದ.

"ಇನ್ಮೇಲೆ ಆ ಕಡೆ ತಲೆ ಹಾಕಿ ಮಲಗಲ್ಲ. ನೀನೂ ಅಷ್ಟೇ, ಭಾನು."

"ನಾನ್ಯಾಕೆ ಹೋಗ್ಲಿ ರೀ?" ಎಂದಳು ಭಾನುಮತಿ. ನಿಜ ಹೇಳಬೇಕೆಂದರೆ ಅವನಿಗಿಂತ ಅವಳಿಗೇ ಹೆಚ್ಚು ಉರಿಯುತ್ತಿತ್ತು. ಅಷ್ಟು ಜನರಿಗೆ ಬೇಯಿಸಿ ಬಡಿಸಿದ ಕೈ ಇದು, ಒಬ್ಬರಾದರೂ ಇನ್ನೊಂದು ಮಾತು ಕೇಳಬಾರದಿತ್ತೇ? ಆ ಸಿಟ್ಟಿನಲ್ಲಿ ಶನಿವಾರದ ಪಾಠವನ್ನೂ ನಿಲ್ಲಿಸಿ, ಸಮುದಾಯ ಕೋಣೆಯ ಬೀಗದಕೈಯನ್ನು ಉಮಾಕಾಂತನ ಮನೆಗೆ ಕಳಿಸಿಬಿಟ್ಟಳು. ಕೇಳಿದ ತಾಯಂದಿರಿಗೆಲ್ಲ ತಲೆನೋವು ಎಂದಳು.

ಎರಡು ಶನಿವಾರ ಹೋದವು. ಭೂಮಿ ತಾನೇ ಫೋನ್ ಮಾಡಿದಳು.

"ಆಂಟಿ, ನಿಮ್ಮ ಹೆಡ್ಡೇಕ್ ಹೋಯ್ತಾ? ನಾನು ಅಜ್ಜಿಗೆ ಕಾರ್ಡ್ ಬರೀತಿದೀನಿ. ನಂಗೆ ‘ಮ’ ಒತ್ತಿನ ತನಕ ಮಾತ್ರ ಬರುತ್ತೆ. ಅದಾದ್ಮೇಲೆ ಏನು?"

"ಯ ಒತ್ತು" ಎಂದಳು ಭಾನುಮತಿ.

"ಅದನ್ನ ಹೇಗೆ ಬರೆಯೋದು?"

ಫೋನಿನಲ್ಲಿ ಹೇಗೆ ತೋರಿಸುವುದು? "ಆಮೇಲೆ ಹೇಳ್ತೀನಿ ಪುಟ್ಟಿ" ಎಂದು ಫೋನಿಟ್ಟು, ಅಡುಗೆಮನೆಗೆ ಹೋಗಿ ಒಬ್ಬಳೇ ಅತ್ತಳು. ಮಕ್ಕಳು ಕಲಿತದ್ದೆಲ್ಲ ಹೀಗೆ ಅರ್ಧಕ್ಕೇ ನಿಂತು, ಬೇಸಗೆಯ ಹೊತ್ತಿಗೆ ಮರೆತೇ ಹೋಗುತ್ತದೆ. ಅದು ಗೊತ್ತಿದ್ದೂ ಅವಳು ಹೋಗುವಂತಿರಲಿಲ್ಲ. ಗಂಡನಿಗೆ ಅವಮಾನವಾದ ಜಾಗಕ್ಕೆ ಹೆಂಡತಿ ಹಲ್ಲು ಕಿರಿದುಕೊಂಡು ಹೋದರೆ ಜನ ಏನೆನ್ನುತ್ತಾರೆ, ಅದಕ್ಕಿಂತ ಹೆಚ್ಚಾಗಿ ಅವನು ಏನೆಂದುಕೊಳ್ಳುತ್ತಾನೆ?

ಇದೇ ಹೊತ್ತಿಗೆ ಅವಳು ಕಲಿಯಲು ಹೋಗುತ್ತಿದ್ದ ಸಂಜೆಯ ಸ್ವೀಡಿಷ್ ತರಗತಿಯಲ್ಲಿ ಟೀಚರ್ ಗುನಿಲ್ಲಾ ಚೀಟಿ ಹಂಚಿದಳು. ಡಿಸೆಂಬರ್ ಬಂತೆಂದರೆ ಈ ದೇಶಕ್ಕೆ ನೊಬೆಲ್ಲಿನ ಹುಚ್ಚು. ಆ ವರ್ಷದ ವಿಜೇತರಲ್ಲಿ ಒಬ್ಬೊಬ್ಬರ ಬಗ್ಗೆ ಒಬ್ಬೊಬ್ಬ ವಿದ್ಯಾರ್ಥಿ ಎಲ್ಲರ ಮುಂದೆ ನಿಂತು ಮಾತನಾಡಬೇಕು. ಭಾನುಮತಿಗೆ ಸಾಹಿತ್ಯದ ಮೇಲೆ ಕಣ್ಣಿತ್ತು. ಬಂದದ್ದು ಶಾಂತಿ ಪ್ರಶಸ್ತಿ. ಅದನ್ನು ಕೊಡುವುದು ಸ್ವೀಡನ್ನಿನಲ್ಲೂ ಅಲ್ಲ, ನಾರ್ವೆಯಲ್ಲಿ. ಪಡೆದವರು ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್.

‘ಮಾಜಿ ಅಧ್ಯಕ್ಷ’ ಎಂಬ ಮಾತನ್ನೇ ಕೇಳಲಾಗದ ದಿನಗಳವು. ಬೇರೆ ಚೀಟಿ ಕೊಡು ಎಂದು ಕೇಳಿದಳು. ಗುನಿಲ್ಲಾ ನಗುತ್ತ ತಲೆಯಾಡಿಸಿದಳು.

ಮುಖ ಗಂಟಿಕ್ಕಿಕೊಂಡೇ ಊರಿನ ಗ್ರಂಥಾಲಯಕ್ಕೆ ಹೋದಳು. ಪುಸ್ತಕ ತೆರೆದ ಮೇಲೆ ಗಂಟು ಸಡಿಲವಾಯಿತು. ಈ ಮನುಷ್ಯ ಕಡಲೆಕಾಯಿ ಬೆಳೆಯುವವರ ಮನೆಯವನು! ಎರಡನೆಯ ಸಲ ಚುನಾವಣೆಗೆ ನಿಂತು, ಹೀನಾಯವಾಗಿ ಸೋತು, ತುಮಕೂರಿನ ಒಂದು ಬಡಾವಣೆಯಷ್ಟೂ ಇಲ್ಲದ ತನ್ನ ಊರಿಗೆ ಗಂಟುಮೂಟೆ ಕಟ್ಟಿಕೊಂಡು ವಾಪಸ್ಸು ಬಂದವನು. ಹೆಂಡತಿ ರೊಸಲಿನ್ ಕೂಡ ಅದೇ ಊರಿನವಳು. ಗಂಡ ಅಧ್ಯಕ್ಷನಾಗಿದ್ದಾಗ ಮಂತ್ರಿಗಳ ಸಭೆಯಲ್ಲಿ ತಾನೂ ಹೋಗಿ ಕೂರುತ್ತಿದ್ದಳಂತೆ, ಜನ ಗೊಣಗಿದರೂ ಬಿಡಲಿಲ್ಲವಂತೆ. ಭಾನುಮತಿಗೆ ತನ್ನ ಫ್ರಿಜ್ಜು ನೆನಪಾಗಿ ನಗು ಬಂತು. ಇನ್ನೊಂದು ಪುಟದಲ್ಲಿ, ಸೋಲಿನ ನೋವು ಗಂಡನಿಗಿಂತ ಹೆಂಡತಿಗೇ ಹೆಚ್ಚಾಗಿ ತಗುಲಿತ್ತು, ಅವಳ ಕಹಿ ಬಹಳ ಕಾಲ ಹೋಗಲಿಲ್ಲ ಎಂದು ಬರೆದಿತ್ತು. ನಗು ಅಲ್ಲೇ ನಿಂತಿತು. ಗ್ರಂಥಾಲಯ ಮುಚ್ಚುವ ತನಕ ಓದಿ, ಪುಸ್ತಕವನ್ನು ಮನೆಗೂ ತಂದಳು.

ಅಭ್ಯಾಸಕ್ಕೆ ಕೇಳುಗರು ಬೇಕಲ್ಲ, ಸಿಕ್ಕಿದವನು ಪ್ರಭಾಕರ. ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ ಸ್ವೀಡಿಷ್‌ನಲ್ಲಿ ಶುರುಮಾಡಿದಳು.

"ಸೋತು ಮನೆಗೆ ಬಂದವನ ಕಥೇನೇ ಬೇಕಿತ್ತಾ ನಿಂಗೆ?" ಎಂದ.

"ನಾನೇನು ಆರಿಸ್ಕೊಂಡ್ನಾ? ಚೀಟಿ ಬಂತು. ಉಚ್ಚಾರ ತಪ್ಪಾದ್ರೆ ಹೇಳಿ, ಮಿಕ್ಕಿದ್ದು ಬೇಡ."

ಅವನು ಉಚ್ಚಾರ ತಿದ್ದಿದ. ತಿದ್ದುತ್ತ ತಿದ್ದುತ್ತ ಕಥೆಯೊಳಗೆ ಇಳಿದ. ಮೂರನೆಯ ಸಂಜೆ ಅವಳು ಕರೆಯುವ ಮುಂಚೆಯೇ ಕಾಫಿ ಹಿಡಿದುಕೊಂಡು ಬಂದು ಕೂತಿದ್ದ.

"ಊರಿಗೆ ಬಂದು ಏನ್ ಮಾಡಿದ್ರಂತೆ?"

"ಮೊದಲು ಗಂಡ ಹೆಂಡತಿ ಸೇರಿ ಮನೆ ಅಟ್ಟಕ್ಕೆ ಹಲಗೆ ಹೊಡೆದ್ರಂತೆ. ಬಂದ ಸಾಮಾನು ಇಡೋಕೆ ಜಾಗ ಇರ್ಲಿಲ್ಲ."

"ಯಾವ ಮರ?"

"ಅಯ್ಯೋ, ಅದೆಲ್ಲ ನಂಗೆ ಹೇಗೆ ಗೊತ್ತು!"

"ಆಮೇಲೆ?"

"ಆಮೇಲೆ ಇನ್ನೊಬ್ಬರ ಮನೆ ಕಟ್ಟೋಕೆ ಹೋದ್ರು. ಬಡವರಿಗೆ ಮನೆ ಕಟ್ಟಿಕೊಡೋ ಸಂಘ ಒಂದಿದೆ, ಅದರ ಜೊತೆ. ಇವನೇ ಸುತ್ತಿಗೆ ಹಿಡಿದು, ಅವಳೂ ಹಿಡಿದು. ಅವರ ಚರ್ಚಲ್ಲಿ ಭಾನುವಾರ ಪಾಠಾನೂ ಮಾಡ್ತಾನಂತೆ. ಈಗ್ಲೂ."

ಪ್ರಭಾಕರ ಎದ್ದ. ಕಾಫಿ ಲೋಟ ತೊಳೆದಿಟ್ಟು ಹೋದ. ಅವನಾಗಿ ಲೋಟ ತೊಳೆದದ್ದನ್ನು ಭಾನುಮತಿ ಗಮನಿಸದೆ ಇರಲಿಲ್ಲ.

ಮಾತನಾಡುವ ದಿನ ಮನೆಯವರನ್ನೂ ಕರೆತರಬಹುದು, ಕೇಸರಿ ಹಾಕಿದ ಬನ್ನು, ಕಾಫಿ ಇರುತ್ತದೆ ಎಂದು ಗುನಿಲ್ಲಾ ಹೇಳಿದ್ದಳು. ಬನ್ನಿಗೋಸ್ಕರ ಬರುತ್ತೇನೆ ಎಂದು ಪ್ರಭಾಕರ ಬಂದು ಹಿಂದಿನ ಸಾಲಿನಲ್ಲಿ ಕೂತ. ಭಾನುಮತಿ ರೇಷ್ಮೆ ಸೀರೆಯ ಮೇಲೆ ದಪ್ಪ ಸ್ವೆಟರ್ ಹಾಕಿಕೊಂಡು ಹಲಗೆಯ ಮುಂದೆ ನಿಂತಳು. ಎಷ್ಟೋ ವಾರಗಳ ಮೇಲೆ ಒಂದು ತರಗತಿಯ ಎದುರು ನಿಂತಾಗ ಅವಳ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಭಾಷೆ ಅಲ್ಲಲ್ಲಿ ಎಡವಿತು, ಆದರೆ ಅವಳು ನಿಲ್ಲಲಿಲ್ಲ. ಕಡಲೆಕಾಯಿ, ಚುನಾವಣೆ, ಅಟ್ಟ, ಸುತ್ತಿಗೆ, ಭಾನುವಾರದ ಪಾಠ, ಎಲ್ಲ ಹೇಳಿದಳು. ಗಂಡನಿಗಿಂತ ಹೆಂಡತಿಯ ಬಗ್ಗೆಯೇ ಹೆಚ್ಚು ಹೇಳಿದಳು. ಮನೋರೋಗಿಗಳ ಆರೈಕೆಗಾಗಿ ಅವಳು ದುಡಿದದ್ದು, ಸೋತು ಬಂದ ಮೇಲೂ ಆ ಕೆಲಸ ಬಿಡದಿದ್ದದ್ದು.

ಬೋಸ್ನಿಯಾದಿಂದ ಬಂದಿದ್ದ ಸೆನಾದಾ ಎಂಬ ಹೆಂಗಸು ಕೈ ಎತ್ತಿದಳು. "ಗಂಡ ಸೋತ ಮೇಲೆ ಹೆಂಡತಿಯೂ ಸೋತಂತೆಯೇ ಅಲ್ಲವೇ? ಅವಳು ಯಾಕೆ ಕೆಲಸ ಬಿಡಲಿಲ್ಲ?"

ಇದಕ್ಕೆ ಭಾನುಮತಿ ಉತ್ತರ ತಯಾರು ಮಾಡಿಕೊಂಡಿರಲಿಲ್ಲ. ಪುಸ್ತಕದಲ್ಲೂ ಇರಲಿಲ್ಲ.

"ಅವಳನ್ನು ಆ ಕೆಲಸಕ್ಕೆ ಯಾರೂ ಆರಿಸಿರಲಿಲ್ಲ" ಎಂದಳು. ತನ್ನ ಮುರುಕು ಸ್ವೀಡಿಷ್‌ನಲ್ಲಿ ಒಂದೊಂದೇ ಪದ ಹುಡುಕಿ ಹೇಳಿದಳು. "ಹಾಗಾಗಿ ಅದರಿಂದ ಅವಳನ್ನು ಇಳಿಸುವುದಕ್ಕೂ ಯಾರಿಗೂ ಆಗಲಿಲ್ಲ."

ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ತರಗತಿ ಚಪ್ಪಾಳೆ ತಟ್ಟುತ್ತಿತ್ತು. ಹಿಂದಿನ ಸಾಲಿನಲ್ಲಿ ಪ್ರಭಾಕರ ಅರ್ಧ ತಿಂದ ಬನ್ನು ಕೈಯಲ್ಲಿ ಹಿಡಿದು ಅವಳನ್ನೇ ನೋಡುತ್ತಿದ್ದ.

ಮನೆಗೆ ಬರುವ ದಾರಿಯಲ್ಲಿ, ಬಸ್ಸಿನಲ್ಲಿ, ಅವಳು ಪೀಠಿಕೆಯಿಲ್ಲದೆ ಹೇಳಿದಳು: "ರೀ, ನಾನು ಈ ಶನಿವಾರದಿಂದ ಪಾಠ ಮಾಡ್ತೀನಿ. ನಿಮ್ಮನ್ನ ಕೇಳ್ತಿಲ್ಲ, ಹೇಳ್ತಿದೀನಿ. ಬೇಜಾರಾದ್ರೆ ಆಗ್ಲಿ."

ಅವನು ಕಿಟಕಿಯ ಆಚೆ ನೋಡುತ್ತಿದ್ದ. ಮನೆಮನೆಯ ಕಿಟಕಿಗಳಲ್ಲಿ ಕ್ರಿಸ್‌ಮಸ್ಸಿನ ಕಾಗದದ ನಕ್ಷತ್ರಗಳು ಉರಿಯುತ್ತಿದ್ದವು. "ಬೀಗದಕೈ ವಾಪಸ್ ಕೊಟ್ಟಿದೀಯಲ್ಲ" ಎಂದಷ್ಟೇ ಹೇಳಿದ.

ಉಮಾಕಾಂತನಿಗೆ ತಾನೇ ಫೋನ್ ಮಾಡಲು ಭಾನುಮತಿಗೆ ಮುಜುಗರ. ನಿವೇದಿತಾಳಿಗೆ ಮಾಡಿದಳು. ಮರುದಿನ ಸಂಜೆ ಹುಡುಗಿ ಬೀಗದಕೈಯ ಜೊತೆಗೇ ಬಂದಳು. ಪ್ರಭಾಕರ ಬೆಂಗಳೂರಿನ ಹಳೆಯ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತ. ಹುಡುಗಿ ಅವನ ಕಡೆ ನೋಡಿ ತಗ್ಗಿದ ದನಿಯಲ್ಲಿ ಕೇಳಿದಳು:

"ಆಂಟಿ, ಅಂಕಲ್ ಯಾಕೆ ನನ್ ಹತ್ರ ಮಾತಾಡ್ತಿಲ್ಲ? ನಾನೇನ್ ತಪ್ಪು ಮಾಡಿದೆ? ಬೇಡ ಅಂದ್ರು, ನಾನು ರೆಸ್ಪೆಕ್ಟ್ ಮಾಡಿದೆ."

ಭಾನುಮತಿ ಉಸಿರು ಬಿಟ್ಟು, ಹೋಳಿಗೆಯಿಂದ ಅಧ್ಯಕ್ಷ ಪದವಿಯವರೆಗೆ ಎಲ್ಲ ವಿವರಿಸಿದಳು. ನಿವೇದಿತಾಳ ಕಣ್ಣುಗಳು ದೊಡ್ಡವಾಗುತ್ತ ಹೋದವು.

"ಮೂರು ಸಲ ಕೇಳ್ಬೇಕಿತ್ತಾ? ಅಯ್ಯೋ! ನಂಗೆ ಯಾರೂ ಹೇಳಿಲ್ಲ!" ಎಂದು ಅವಳು ನೇರ ಪ್ರಭಾಕರನ ಮುಂದೆ ಹೋಗಿ ನಿಂತಳು. "ಅಂಕಲ್, ಸಾರಿ. ಎಕ್ಸ್‌ಟ್ರಾ ಮೀಟಿಂಗ್ ಕರೀಬಹುದು, ರೂಲ್ ಇದೆ. ಉಮಾಕಾಂತ ಅಂಕಲ್‌ಗೆ ಹೇಳಿದ್ರೆ ಖುಷಿಯಾಗಿ ಬಿಟ್ಟುಕೊಡ್ತಾರೆ. ನೀವು ಮತ್ತೆ ಪ್ರೆಸಿಡೆಂಟ್ ಆಗ್ತೀರಾ?"

ಪೇಪರ್ ಕೆಳಗಿಳಿಯಿತು. "ಬೇಡಮ್ಮ" ಎಂದ ಪ್ರಭಾಕರ.

"ಪ್ಲೀಸ್ ಅಂಕಲ್, ಆಗಿ."

"ಬೇಡ ಬೇಡ."

"ಅಂಕಲ್, ನೀವು ಆಗ್ಲೇಬೇಕು."

"ಬೇಡ ಅಂದ್ನಲ್ಲ."

ಹುಡುಗಿ ಕಂಗಾಲಾದಳು. ಮೂರೂ ಮುಗಿದಿದ್ದವು. ಮುಂದೇನು? ತಿರುಗಿ ಭಾನುಮತಿಯನ್ನು ನೋಡಿ "ಆಂಟಿ, ಇದು ನಿಜವಾದ ಬೇಡಾನಾ, ಇನ್ನೊಂದಾ?" ಎಂದಳು.

ಭಾನುಮತಿ ಗಂಡನ ಕಡೆ ನೋಡಿದಳು. ಇಷ್ಟು ವರ್ಷ ಅವನಿಗೆ ಬಡಿಸಿದವಳು ಅವಳು. ಇನ್ನೂ ಬೇಕಿದ್ದಾಗ ಬಾಯಲ್ಲಿ ಮಾತ್ರ ಬೇಡವೆನ್ನುತ್ತಾನೆ, ಕೈ ದೂರವೇ ಇರುತ್ತದೆ. ನಿಜಕ್ಕೂ ಸಾಕಾಗಿದ್ದರೆ ಎರಡೂ ಕೈ ಎಲೆಯ ಮೇಲೆ ಅಡ್ಡ ಬರುತ್ತವೆ. ಈಗ ಅವನ ಎರಡೂ ಕೈಗಳು ಮೊಣಕಾಲ ಮೇಲಿದ್ದ ಪೇಪರಿಗೆ ಅಡ್ಡವಾಗಿ ಹರಡಿಕೊಂಡು ಭದ್ರವಾಗಿ ಒತ್ತಿ ಕೂತಿದ್ದವು. ಅವನ ಮುಖದಲ್ಲಿ ಬಿಗುಮಾನ ಇರಲಿಲ್ಲ. ಇಷ್ಟು ದಿನ ಬೇಕೆಂದು ಒಳಗೊಳಗೇ ಬೆಂದವನು, ಬೇಕಾದ್ದು ಮನೆ ಬಾಗಿಲಿಗೇ ಬಂದಾಗ ಸುಮ್ಮನೆ ಬೇಡವೆನ್ನುತ್ತಿದ್ದ.

"ನಿಜವಾದದ್ದೇ ಕಣೇ" ಎಂದಳು. "ಅವರನ್ನ ಬಿಡು. ಕೂತ್ಕೋ, ಉಪ್ಪಿಟ್ಟು ತಿಂದು ಹೋಗುವಂತೆ."

"ಬೇಡ ಆಂಟಿ" ಎಂದು ನಿವೇದಿತಾ ಬಾಯಿ ತೆರೆದವಳು, ಅಲ್ಲೇ ತಡೆದು, ಬೆದರಿದವಳಂತೆ "ಹೂಂ, ತಿಂತೀನಿ" ಎಂದು ಕೂತುಬಿಟ್ಟಳು. ಪ್ರಭಾಕರ ಜೋರಾಗಿ ನಕ್ಕ. ರಾಜ್ಯೋತ್ಸವದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು.

ಶನಿವಾರ ಬೆಳಿಗ್ಗೆ ಹಿಮ ಬೀಳುತ್ತಿತ್ತು. ಭಾನುಮತಿ ಬೂಟು ಹಾಕಿಕೊಂಡು ಏಳುವಷ್ಟರಲ್ಲಿ ಪ್ರಭಾಕರ ಉಣ್ಣೆಯ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. "ಆ ಕೋಣೆಯ ಮೇಜು ನಿನ್ನ ಕೈಲಿ ಎಳೆಯೋಕಾಗಲ್ಲ" ಎಂದ. ಇಷ್ಟು ವರ್ಷ ಅವಳೇ ಎಳೆಯುತ್ತಿದ್ದದ್ದು ಅವನಿಗೂ ಗೊತ್ತಿತ್ತು. ಅವಳು ಆ ಮಾತು ಎತ್ತಲಿಲ್ಲ.

ಸುದ್ದಿ ಹರಡಿತ್ತು. ಮಕ್ಕಳು ಕೆಂಪು ಮೂಗು ಒರೆಸಿಕೊಳ್ಳುತ್ತ, ಸ್ವೀಡಿಷ್‌ನಲ್ಲಿ ಕಿರುಚುತ್ತ ಒಳಗೆ ನುಗ್ಗಿದರು. ಭಾನುಮತಿ ಹಲಗೆಯ ಮೇಲೆ ದೊಡ್ಡದಾಗಿ ಯ ಒತ್ತು ಬರೆಯಲು ನಿಂತಳು. ಪ್ರಭಾಕರ ಮೇಜು ಜರುಗಿಸಿದ, ಕುರ್ಚಿ ಹಾಕಿದ, ಮಕ್ಕಳ ಒದ್ದೆ ಕೋಟುಗಳನ್ನು ಒಂದೊಂದಾಗಿ ಗೂಟಕ್ಕೆ ನೇತುಹಾಕಿದ. ಹೊಸದಾಗಿ ಬೆಂಗಳೂರಿನಿಂದ ಬಂದಿದ್ದ ಬದರಿನಾಥ ಎಂಬಾತ ಮಗನ ಕೈ ಹಿಡಿದು ಬಾಗಿಲಲ್ಲಿ ನಿಂತು, ಈ ಟೋಪಿಯ ಮನುಷ್ಯನನ್ನು ನೋಡಿ ಸಂಕೋಚದಿಂದ ಕೇಳಿದ:

"ನಮಸ್ಕಾರ ಸರ್. ನೀವು ಕೂಟದ...?"

ಭಾನುಮತಿಯ ಕೈ ಹಲಗೆಯ ಮೇಲೆ ನಿಂತಿತು. ಹೊಸಬರು ಸಿಕ್ಕರೆ ಪ್ರಭಾಕರ ಏನು ಹೇಳುತ್ತಾನೆಂಬುದು ಅವಳಿಗೆ ಬಾಯಿಪಾಠ. ಕೂಟ ಹುಟ್ಟಿದ್ದು ಹೇಗೆ, ತಾನು ಅಧ್ಯಕ್ಷನಾದದ್ದು ಯಾವಾಗ, ತನ್ನ ಕಾಲದಲ್ಲಿ ಏನೇನಾಯಿತು.

"ನಾನೇ?" ಎಂದ ಪ್ರಭಾಕರ. ಕೈಯಲ್ಲಿದ್ದ ಪುಟ್ಟ ಕೋಟಿನ ಹಿಮ ಕೊಡವಿ ಗೂಟಕ್ಕೆ ಹಾಕಿ, ಎದೆ ಸೆಟೆಸಿ, ಮೈಕು ಬೇಡದ ತನ್ನ ದೊಡ್ಡ ದನಿಯಲ್ಲಿ ಹೇಳಿದ: "ಅಗೋ, ಬೋರ್ಡ್ ಹತ್ರ ಇದಾರಲ್ಲ, ನಮ್ಮ ಕನ್ನಡ ಮೇಡಂ, ಭಾನುಮತಿ ಅಂತ. ನಾನು ಅವರ ಮನೆಯವರು."

ಭಾನುಮತಿ ತಿರುಗಲಿಲ್ಲ. ತಿರುಗಿದ್ದರೆ ಮೇಡಂ ಅಳುವುದನ್ನು ಮಕ್ಕಳು ನೋಡಿಬಿಡುತ್ತಿದ್ದರು. ಗಂಡ ಅಧ್ಯಕ್ಷನಾಗಿದ್ದ ಅಷ್ಟೂ ವರ್ಷದಲ್ಲಿ ಅವನ ಬಗ್ಗೆ ಇಷ್ಟು ಹೆಮ್ಮೆ ಅವಳಿಗೆ ಒಂದು ದಿನವೂ ಆಗಿರಲಿಲ್ಲ.